ಎಲೆಕ್ಟ್ರಾನಿಕ್ಸ್ ಅಂಡ್ ಟೆಲಿಕಮ್ಯುನಿಕೇಶನ್: ‘ಟೆಲಿ’ ಅಂದರೆ ಟೆಲಿಫೋನ್ ಅಲ್ಲ

ಸಿಇಟಿ ಬರೆದವರು ಕಾಲೇಜು, ಬ್ರಾಂಚ್ ಆರಿಸಿ ತುಂಬುವ ಆಪ್ಷನ್ ಎಂಟ್ರಿ ಶುರುವಾದರೆ ಸಾಕು, ಹುಬ್ಬಳ್ಳಿಯ ವಿದ್ಯಾನಗರದ ತುಂಬ ಬ್ಯಾನರ್‌ಗಳು. ಈ ಸಲ ಒಂದರಲ್ಲಿ ‘ಎಲೆಕ್ಟ್ರಿಕಲ್ ಅಂಡ್ ಟೆಲಿಕಾಂ’ ಅಂತ ದಪ್ಪ ಅಕ್ಷರದಲ್ಲಿ ಬರೆದು, ಕೆಳಗೆ ಒಂದು ಮೊಬೈಲ್ ಟವರ್ ಚಿತ್ರ ಹಾಕಿದ್ದರು. ಬ್ರಾಂಚಿನ ಸರಿಯಾದ ಹೆಸರು ಎಲೆಕ್ಟ್ರಾನಿಕ್ಸ್ ಅಂಡ್ ಟೆಲಿಕಮ್ಯುನಿಕೇಶನ್, ಚುಟುಕಾಗಿ ‘ಇ ಅಂಡ್ ಟಿಸಿ’. ಬ್ಯಾನರಿನ ಮೊದಲ ಪದವೂ ತಪ್ಪು, ಚಿತ್ರವೂ ದಾರಿ ತಪ್ಪಿಸುತ್ತದೆ. ಇದರ ಪರಿಣಾಮ ಎದುರಿಗೇ ಕಾಣುತ್ತದೆ. ಮಗಳನ್ನು ಕರೆದುಕೊಂಡು ಬಂದ ಅಪ್ಪ ಕೇಳುತ್ತಾರೆ: ‘ಸರ, ಟೆಲಿಕಾಂ ತಗೊಂಡ್ರ ಟಾವರ್ ಏರೂ ಕೆಲಸಾನ ಏನ್ರಿ? ಹುಡುಗೀಗೆ ಹೆಂಗ್ರಿ?’ ಒಂದು ಪದದ ಅರ್ಥ ಗೊತ್ತಿಲ್ಲ ಅನ್ನೋ ಕಾರಣಕ್ಕೆ ಒಳ್ಳೆಯ ರ‍್ಯಾಂಕಿನ ಹುಡುಗಿ ತನಗೆ ಇಷ್ಟವಾದ ಬ್ರಾಂಚ್ ಬಿಡಬಾರದು.

ಎಲೆಕ್ಟ್ರಿಕಲ್ಲಿಗೂ ಎಲೆಕ್ಟ್ರಾನಿಕ್ಸಿಗೂ ಇರುವ ವ್ಯತ್ಯಾಸ ಬೇಗ ಮುಗಿಸುತ್ತೇನೆ. ಕರೆಂಟಿನಿಂದ ಕೆಲಸ ಮಾಡಿಸಿಕೊಳ್ಳುವುದು ಎಲೆಕ್ಟ್ರಿಕಲ್. ಹೆಸ್ಕಾಂ ಲೈನು, ಪಂಪ್‌ಸೆಟ್ಟಿನ ಮೋಟಾರು, ಹೊಲದ ಬದುವಿನ ಟಿಸಿ (ಟ್ರಾನ್ಸ್‌ಫಾರ್ಮರ್) ಎಲ್ಲ ಆ ಕಡೆಯವು. ಕರೆಂಟಿನ ಮೇಲೆ ಸುದ್ದಿ ಹೊರಿಸುವುದು, ಅದನ್ನು ಓದುವುದು, ಅದರಂತೆ ತೀರ್ಮಾನ ಮಾಡಿಸುವುದು ಎಲೆಕ್ಟ್ರಾನಿಕ್ಸ್. ಮನೆಯಲ್ಲೇ ಕೂತು ಮೊಬೈಲಿನಿಂದ ಪಂಪ್‌ಸೆಟ್ ಶುರು ಮಾಡುತ್ತಾರಲ್ಲ, ಆ ಸ್ಟಾರ್ಟರ್ ಪೆಟ್ಟಿಗೆಯೊಳಗಿನ ಪುಟ್ಟ ಹಸಿರು ಬೋರ್ಡು ಎಲೆಕ್ಟ್ರಾನಿಕ್ಸಿನದು. ಎರಡೂ ಸೇರುವ ಜಾಗ ಇದ್ದೇ ಇದೆ, ಅದಕ್ಕೆ ಪವರ್ ಎಲೆಕ್ಟ್ರಾನಿಕ್ಸ್ ಅನ್ನುತ್ತಾರೆ. ಹಾಗಂತ ಎರಡನ್ನೂ ಒಂದೇ ಅನ್ನೋಕಾಗಲ್ಲ. ಇನ್ನು ‘ಇ ಅಂಡ್ ಟಿಸಿ’ಯ ಟಿಸಿಗೂ ಹೊಲದ ಟಿಸಿಗೂ ಯಾವ ಸಂಬಂಧವೂ ಇಲ್ಲ.

ನಿಜವಾಗಿ ಬಿಡಿಸಬೇಕಾದ ಗಂಟು ‘ಟೆಲಿಕಮ್ಯುನಿಕೇಶನ್’.

ಈ ಪದ ತಾನಾಗಿ ಬೆಳೆದು ಬಂದದ್ದಲ್ಲ, ಒಬ್ಬರು ಕೂತು ಕಟ್ಟಿದ್ದು. ಫ್ರಾನ್ಸಿನ ಅಂಚೆ-ತಂತಿ ಇಲಾಖೆಯ ಎಂಜಿನಿಯರ್ ಎದುವಾರ್ ಎಸ್ತೋನಿಯೆ 1904ರಲ್ಲಿ ತಮ್ಮ ಪಠ್ಯಪುಸ್ತಕದಲ್ಲಿ ಬಳಸಿದರು. ಅವರ ಮುಂದೆ ಆಗ ತಂತಿ (ಟೆಲಿಗ್ರಾಫ್) ಇತ್ತು, ಫೋನೂ ಇತ್ತು. ಎರಡಕ್ಕೂ ಸೇರಿ ಒಂದು ಹೆಸರು ಬೇಕಿತ್ತು. ಗ್ರೀಕಿನ ‘ಟೆಲಿ’, ಅಂದರೆ ದೂರ. ಲ್ಯಾಟಿನ್ನಿನ ‘ಕಮ್ಯುನಿಕಾರೆ’, ಅಂದರೆ ಹಂಚಿಕೊಳ್ಳು. ದೂರದಲ್ಲಿದ್ದವರ ಜೊತೆ ಹಂಚಿಕೊಳ್ಳುವುದು, ಇಷ್ಟೇ ಅರ್ಥ. ಫೋನು ಅದರೊಳಗಿನ ಒಂದು ಬಗೆ ಮಾತ್ರ. 1932ರಲ್ಲಿ ಮ್ಯಾಡ್ರಿಡ್ ಸಮ್ಮೇಳನದಲ್ಲಿ ಅಂತರರಾಷ್ಟ್ರೀಯ ಟೆಲಿಗ್ರಾಫ್ ಒಕ್ಕೂಟ ತನ್ನ ಹೆಸರಿನಲ್ಲಿದ್ದ ಟೆಲಿಗ್ರಾಫ್ ತೆಗೆದು ಟೆಲಿಕಮ್ಯುನಿಕೇಶನ್ ಅಂತ ಸೇರಿಸಿಕೊಂಡಿತು. ಅಷ್ಟರಲ್ಲಿ ರೇಡಿಯೋ ಬಂದಿತ್ತು. ಹೆಸರು ಅಗಲವಾಗಲೇಬೇಕಿತ್ತು.

ಅದೇ 1904ರಲ್ಲಿ ಇಂಗ್ಲೆಂಡಿನಲ್ಲಿ ಜಾನ್ ಆಂಬ್ರೋಸ್ ಫ್ಲೆಮಿಂಗ್ ಎರಡು ಎಲೆಕ್ಟ್ರೋಡಿನ ವಾಲ್ವಿಗೆ, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಗಾಜಿನ ಬುರುಡೆಗೆ, ಪೇಟೆಂಟ್ ಕೇಳಿದರು. ಎಲೆಕ್ಟ್ರಾನಿಕ್ಸ್ ಶುರುವಾಗುವುದೇ ಅಲ್ಲಿಂದ ಅನ್ನುತ್ತಾರೆ. ಅದನ್ನು ಅವರು ಮಾಡಿದ್ದು ಯಾಕೆ? ರೇಡಿಯೋ ಸಿಗ್ನಲ್ ಹಿಡಿಯೋಕೆ. ಎಲೆಕ್ಟ್ರಾನಿಕ್ಸ್ ಹುಟ್ಟಿದ್ದೇ ದೂರಕ್ಕೆ ಸುದ್ದಿ ಕಳಿಸುವ ಕೆಲಸದಿಂದ. ಪದವಿಯ ಹೆಸರಿನಲ್ಲಿ ಎರಡೂ ಒಟ್ಟಿಗೆ ಇರೋದು ಅದಕ್ಕೇ.

ಕನ್ನಡದಲ್ಲಿ ‘ದೂರಸಂಪರ್ಕ’ ಒಳ್ಳೆಯ ಪದ. ಅದರಲ್ಲಿ ಮಾತು, ಚಿತ್ರ, ಅಂಕಿ ಎಲ್ಲಕ್ಕೂ ಜಾಗ ಇದೆ. ‘ದೂರವಾಣಿ’ ಅಂದರೆ ಫೋನ್ ಅಷ್ಟೇ. ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿದಾಗಲೇ ಆ ಟವರ್ ಚಿತ್ರ ಬರುತ್ತದೆ.

ಹಾಗಾದರೆ ಓದೋದು ಏನನ್ನು? ಇಲ್ಲೇ ಇರುವ ಒಂದು ಉದಾಹರಣೆ ತಗೊಳ್ಳೋಣ. ಧಾರವಾಡ ಆಕಾಶವಾಣಿಯ ಮಧ್ಯಮ ತರಂಗ 765 ಕಿಲೋಹರ್ಟ್ಜ್, ಅಂದರೆ ಸೆಕೆಂಡಿಗೆ 7,65,000 ಸಲ ಏರಿಳಿಯುವ ಅಲೆ. ಆದರೆ ಮನುಷ್ಯರ ಮಾತು ಅಷ್ಟು ಮೇಲೆ ಎಲ್ಲಿದೆ? ಫೋನಿಗೆ ಸಾಕಾಗುವ ದನಿ 300ರಿಂದ 3,400 ಹರ್ಟ್ಜ್ ಒಳಗೇ ಮುಗಿಯುತ್ತದೆ. ಆ ದನಿಯನ್ನೇ ನೇರವಾಗಿ ಗಾಳಿಗೆ ಬಿಡಬಹುದಲ್ವಾ ಅಂತ ಎರಡನೇ ವರ್ಷದ ಹುಡುಗರು ಕೇಳುತ್ತಾರೆ. ಬಹಳ ಒಳ್ಳೆಯ ಪ್ರಶ್ನೆ. ಲೆಕ್ಕ ಹಾಕಿ. 3 ಕಿಲೋಹರ್ಟ್ಜ್ ರೇಡಿಯೋ ಅಲೆಯ ಉದ್ದ 100 ಕಿಲೋಮೀಟರ್. ಆಂಟೆನಾ ಅದರ ಕಾಲು ಭಾಗ ಇರಬೇಕು ಅಂದರೆ 25 ಕಿಲೋಮೀಟರ್. ಹುಬ್ಬಳ್ಳಿಯಿಂದ ಧಾರವಾಡಕ್ಕೇ ಸುಮಾರು 20. ಅಷ್ಟು ಉದ್ದದ ಕಂಬ ಯಾರು ನಿಲ್ಲಿಸುತ್ತಾರೆ? 765 ಕಿಲೋಹರ್ಟ್ಜ್ ಆದರೆ ಅಲೆಯ ಉದ್ದ 392 ಮೀಟರ್, ಕಾಲು ಭಾಗ ಬರೀ 98 ಮೀಟರ್. ಕಟ್ಟಬಹುದು. ಅದಕ್ಕೇ ನಿಧಾನವಾಗಿ ಏರಿಳಿಯುವ ದನಿಯನ್ನು ವೇಗವಾಗಿ ಏರಿಳಿಯುವ ಅಲೆಯ ಮೇಲೆ ಹೊರಿಸಿ ಕಳಿಸುತ್ತಾರೆ. ಇದು ಮಾಡ್ಯುಲೇಶನ್. ಇನ್ನೊಂದು ಲಾಭವೂ ಇದೆ. ಒಂದೊಂದು ಕೇಂದ್ರಕ್ಕೆ ಒಂದೊಂದು ಅಲೆ ಕೊಟ್ಟರೆ ಒಬ್ಬರ ಮಾತು ಇನ್ನೊಬ್ಬರದರಲ್ಲಿ ಬೆರೆಯಲ್ಲ.

ಲ್ಯಾಬಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಸಿಆರ್‌ಓ ಅಂದರೆ ಸಿಗ್ನಲ್ಲಿನ ಆಕಾರ ತೋರಿಸುವ ಉಪಕರಣ. ಅದರ ತೆರೆಯ ಮೇಲೆ ವೇಗದ ಅಲೆ ಒತ್ತೊತ್ತಾಗಿ ಒಂದು ಪಟ್ಟಿಯ ಹಾಗೆ ನಿಂತಿರುತ್ತದೆ. ಸಂದೇಶದ ನಾಬ್ ತಿರುಗಿಸುತ್ತ ಹೋದರೆ ಪಟ್ಟಿಯ ಎರಡೂ ಅಂಚು ಉಬ್ಬಿ ತಗ್ಗಿ, ಸಂದೇಶದ ಆಕಾರ ಮೂಡುತ್ತದೆ. ತಗ್ಗು ಸರಿಯಾಗಿ ಸೊನ್ನೆ ಮುಟ್ಟಿದಾಗ ನೂರಕ್ಕೆ ನೂರು ಮಾಡ್ಯುಲೇಶನ್. ಇನ್ನೂ ಸ್ವಲ್ಪ ತಿರುಗಿಸಿ, ತಗ್ಗಿನಲ್ಲಿ ಆಕಾರ ಕೆಡುತ್ತದೆ. ಸಾದಾ ರೇಡಿಯೋದಲ್ಲಿ ದನಿ ಒಡೆಯುತ್ತದೆ. ಇದನ್ನು ಕೈಯಾರೆ ಮಾಡಿದ ಹುಡುಗಿಗೆ ‘ಟೆಲಿಕಾಂ ಅಂದರೆ ಸಿಮ್ ಕಾರ್ಡ್’ ಅಂತ ಯಾರೂ ನಂಬಿಸೋಕಾಗಲ್ಲ.

ದೂರ ಹೆಚ್ಚಾದಂತೆ ಸಿಗ್ನಲ್ ಸೊರಗುತ್ತದೆ, ಗದ್ದಲ (ನಾಯ್ಸ್) ಸೇರುತ್ತದೆ. ಆ ಗದ್ದಲದಲ್ಲೂ ತಪ್ಪಿಲ್ಲದೆ ಎಷ್ಟು ಸುದ್ದಿ ದಾಟಿಸಬಹುದು ಅನ್ನೋದಕ್ಕೆ ಒಂದು ಮಿತಿ ಇದೆ ಅಂತ 1948ರಲ್ಲಿ ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ ಗಣಿತದಿಂದ ತೋರಿಸಿದರು. ಇವತ್ತಿನ 5ಜಿ ಕೂಡ ಆ ಮಿತಿಯ ಒಳಗೇ ಕೆಲಸ ಮಾಡಬೇಕು. ನನ್ನ ಮಟ್ಟಿಗೆ ಇಡೀ ಕೋರ್ಸಿನ ಜೀವ ಈ ಒಂದು ಪಾಠದಲ್ಲಿದೆ. ನಾಲ್ಕು ಮಾರ್ಕಿನ ಪ್ರಶ್ನೆ ಅಂತ ಬಾಯಿಪಾಠ ಮಾಡಿ ಬಿಟ್ಟುಬಿಡುವವರನ್ನು ಕಂಡರೆ ಸಂಕಟವಾಗುತ್ತದೆ.

ಫೋನೇ ಇಲ್ಲದ ಟೆಲಿಕಾಂ ನೋಡಬೇಕಾ? ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲೇ ಇದೆ. ಅಲ್ಲಿಯ ಒಂದು ವಿಭಾಗದ ಹೆಸರೇ ಸಿಗ್ನಲ್ ಅಂಡ್ ಟೆಲಿಕಾಂ, ರೈಲ್ವೆಯವರ ಬಾಯಲ್ಲಿ ‘ಎಸ್ ಅಂಡ್ ಟಿ’. ಹಳಿ ಮೇಲೆ ಗಾಡಿ ಇದೆಯೋ ಇಲ್ಲವೋ ಅನ್ನೋ ಒಂದು ಸುದ್ದಿ ತಪ್ಪಿಲ್ಲದೆ ಮುಟ್ಟಬೇಕು. ಜೀವ ನಿಂತಿರೋದು ಅದರ ಮೇಲೆ.

ಇನ್ನು ‘ಕಮ್ಯುನಿಕೇಶನ್’ ಅಂದ ಕೂಡಲೇ ಇಂಗ್ಲಿಷ್ ಮಾತಾಡೋಕೆ ಕಲಿಸುತ್ತಾರೆ ಅಂದುಕೊಳ್ಳುವವರೂ ಇದ್ದಾರೆ. ಇಲ್ಲಿ ಮಾತಾಡೋದು ಯಂತ್ರಗಳು. ಕಲಿಯಬೇಕಾದ್ದು ಗಣಿತ. ಫೂರಿಯೆ, ಲಾಪ್ಲಾಸ್ ಹೆಸರಿನ ಗಣಿತದ ವಿಧಾನಗಳು, ಸಂಭವನೀಯತೆ, ಇವನ್ನು ಬಿಟ್ಟು ಈ ಬ್ರಾಂಚ್ ಇಲ್ಲ. ಪಿಯುಸಿ ಗಣಿತ ಕಂಡರೆ ಆಗದವರು ಮೊದಲೇ ಯೋಚಿಸಲಿ.

ಕಡೆಗೆ, ‘ಇ ಅಂಡ್ ಸಿ’ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್) ಬೇರೆ, ‘ಇ ಅಂಡ್ ಟಿಸಿ’ ಬೇರೆಯಾ? ನಮ್ಮ ಕಡೆ ಇಸಿ ಅನ್ನೋದು ರೂಢಿ, ಪುಣೆಯಲ್ಲಿ ಇ ಅಂಡ್ ಟಿಸಿ, ಮುಂಬೈಯಲ್ಲಿ ಎಕ್ಸ್‌ಟಿಸಿ. ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆಯ ಪೇಪರಿನ ಹೆಸರು ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್. ಯುಪಿಎಸ್‌ಸಿಯ ಎಂಜಿನಿಯರಿಂಗ್ ಸೇವೆ ಪರೀಕ್ಷೆಯಲ್ಲಿ ಎಲೆಕ್ಟ್ರಾನಿಕ್ಸ್ ಅಂಡ್ ಟೆಲಿಕಮ್ಯುನಿಕೇಶನ್. ಎರಡನ್ನೂ ಒಬ್ಬನೇ ಹುಡುಗ ಅವೇ ಪುಸ್ತಕ ಓದಿ ಬರೆಯುತ್ತಾನೆ. ಹಾಗಾಗಿ ಹೆಸರಿನಲ್ಲಿ ‘ಟೆಲಿ’ ಇದೆಯೋ ಇಲ್ಲವೋ ಅಂತ ನೋಡಿ ಸೀಟು ಬಿಡಬೇಡಿ. ಸಿಲಬಸ್ ತೆಗೆದು ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್, ಆಂಟೆನಾ, ಡಿಜಿಟಲ್ ಕಮ್ಯುನಿಕೇಶನ್, ವಿಎಲ್‌ಎಸ್‌ಐ (ಚಿಪ್ ವಿನ್ಯಾಸ) ಇವೆಯಾ ನೋಡಿ. ಲ್ಯಾಬಿಗೂ ಹೋಗಿ ಬನ್ನಿ. ಸಿಆರ್‌ಓಗಳು ಹುಡುಗರ ಕೈಗೆ ಸಿಗುತ್ತವೋ, ಬೀರುವಿನಲ್ಲೇ ಇರುತ್ತವೋ ಅಂತ ಸೀನಿಯರ್‌ಗಳನ್ನು ಕೇಳಿ.