ಕಾಸಿದರೆ ಫ್ಲೋರೈಡ್ ಯಾಕೆ ಹೋಗೋದಿಲ್ಲ?

ಗದಗದಲ್ಲಿ ನೀರು ಪರೀಕ್ಷೆ ಮಾಡೋದು ನನ್ನ ಕೆಲಸ. ಹೋದ ತಿಂಗಳು ಮುಂಡರಗಿ ಕಡೆಯ ತಾಯಿಯೊಬ್ಬರು ಬಾಟಲಿಯಲ್ಲಿ ಬೋರ್ ನೀರು ತಂದಿದ್ದರು. ಜೊತೆಗೆ ನಾಲ್ಕನೇ ಇಯತ್ತೆಯ ಮಗ. ಅವನ ಮುಂದಿನ ಹಲ್ಲುಗಳ ಮೇಲೆ ಸುಣ್ಣದಂಥ ಬಿಳಿ ಗೆರೆ, ನಡುವೆ ಕಂದು ಕಲೆ. "ದಿನಾ ಕಾಸಿ ಆರಿಸೇ ಕುಡಸ್ತೀನ್ರಿ ಸರ, ಮತ್ಯಾಕ ಹಿಂಗಾತ್ರಿ?" ಎಂದರು.

"ಅಕ್ಕಾರ, ಸಾರು ಜಾಸ್ತಿ ಕುದ್ದರ ಉಪ್ಪು ಕಮ್ಮಿ ಆಗ್ತದೇನ್ರಿ?" ಎಂದು ಕೇಳಿದೆ. ಅವರಿಗೆ ತಕ್ಷಣ ಹೊಳೆಯಿತು. ನೀರು ಆವಿಯಾಗುತ್ತದೆ, ಉಪ್ಪು ಪಾತ್ರೆಯಲ್ಲೇ ಉಳಿಯುತ್ತದೆ. ಮಗನ ಹಲ್ಲಿಗೆ ಕಲೆ ತಂದ, ಬೋರ್ ನೀರಿನಲ್ಲಿ ಕರಗಿರುವ ಫ್ಲೋರೈಡಿನ ಕಥೆಯೂ ಅದೇ. ಎರಡು ಲೀಟರ್ ಕುದ್ದು ಒಂದು ಲೀಟರ್ ಆದರೆ ಫ್ಲೋರೈಡ್ ಪ್ರಮಾಣ ಸುಮಾರು ಎರಡು ಪಟ್ಟಾಗುತ್ತದೆ.

ಇದರ ಮೂಲ ಫ್ಲೋರಿನ್ ಪರಮಾಣುವಿನಲ್ಲಿದೆ. ಅದರಲ್ಲಿ 9 ಎಲೆಕ್ಟ್ರಾನ್. ಒಳಗಿನ ಸುತ್ತಿನಲ್ಲಿ 2, ಹೊರಗೆ 7. ಹೊರಸುತ್ತು ತುಂಬಲು ಒಂದೇ ಒಂದು ಕಡಿಮೆ. ಬಂಧದಲ್ಲಿ ಎಲೆಕ್ಟ್ರಾನನ್ನು ತನ್ನ ಕಡೆ ಎಳೆಯುವುದರಲ್ಲಿ ಇದನ್ನು ಮೀರಿಸುವ ಧಾತು ಇಲ್ಲ. 1886ರಲ್ಲಿ ಫ್ರೆಂಚ್ ರಸಾಯನ ವಿಜ್ಞಾನಿ ಹೆನ್ರಿ ಮೊಯ್ಸಾನ್ ಇದನ್ನು ಬೇರ್ಪಡಿಸುವವರೆಗೂ ಯಾರ ಕೈಗೂ ಅದು ಒಂಟಿಯಾಗಿ ಸಿಕ್ಕಿರಲಿಲ್ಲ. ನಮ್ಮ ನೆಲದ ಕಲ್ಲಿನಲ್ಲಿ ಅದು ಆಗಲೇ ಎಲೆಕ್ಟ್ರಾನ್ ಪಡೆದು ಫ್ಲೋರೈಡ್ ಆಗಿ ಕೂತಿರುತ್ತದೆ. ನೀರಿಗೆ ಇಳಿದ ಮೇಲೆ ಅದರ ಋಣ ಚಾರ್ಜಿಗೆ ನೀರಿನ ಅಣುಗಳು ತಮ್ಮ ಹೈಡ್ರೋಜನ್ ಬದಿ ತಿರುಗಿಸಿ ಸುತ್ತುವರಿಯುತ್ತವೆ. ಆ ಹಿಡಿತ ಬಿಡಿಸಿ ಅದನ್ನು ಆವಿಯಾಗಿ ಹಾರಿಸುವಷ್ಟು ಶಾಖ ಒಲೆಯಲ್ಲಿ ಇರುವುದಿಲ್ಲ.

ಜನ ಮೋಸ ಹೋಗೋದು ಪಾತ್ರೆಯ ತಳ ನೋಡಿ. ಸವಳು ನೀರು ಕಾಸಿದರೆ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಹೊಲಸೆಲ್ಲ ಅಲ್ಲೇ ಉಳಿಯಿತು ಅನಿಸುತ್ತದೆ. ಅದು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಕ್ಯಾಲ್ಸಿಯಂಗೂ ಕಾರ್ಬೊನೇಟಿಗೂ ಗಟ್ಟಿ ಬಂಧ, ಅದಕ್ಕೇ ಕೂಡಿ ತಳ ಸೇರುತ್ತವೆ. ಫ್ಲೋರೈಡಿನ ಜೊತೆ ಕ್ಯಾಲ್ಸಿಯಂ ಕೂಡಿದರೂ ಸುಲಭವಾಗಿ ಕರಗೋದಿಲ್ಲ. ಆದರೆ ಕ್ಯಾಲ್ಸಿಯಂ ಕಾರ್ಬೊನೇಟಿನ ಪಾಲಾಗಿಬಿಟ್ಟರೆ ಫ್ಲೋರೈಡನ್ನು ಹಿಡಿಯೋರು ಯಾರು? ಸೋಡಿಯಂ ಜೊತೆಗಂತೂ ಅದು ಆರಾಮಾಗಿ ಕರಗಿಯೇ ಇರುತ್ತದೆ. ಕ್ಯಾಲ್ಸಿಯಂ ಕಡಿಮೆ ಇರುವ ಮೆತ್ತಗಿನ ನೀರಿನಲ್ಲೂ ಫ್ಲೋರೈಡ್ ಜಾಸ್ತಿ ಇರಬಹುದು ಅನ್ನೋದು ಇದಕ್ಕೇ. ನಾಲಿಗೆಗೆ ಇದು ತಿಳಿಯೋದೇ ಇಲ್ಲ.

ಹಲ್ಲಿನ ವಿಷಯಕ್ಕೆ ಬರೋಣ. ಎನಾಮೆಲ್ ಅಂದರೆ ಕ್ಯಾಲ್ಸಿಯಂ, ಫಾಸ್ಫೇಟ್, ಹೈಡ್ರಾಕ್ಸೈಡ್ ಸೇರಿ ಕಟ್ಟಿದ ಹರಳು. ಹೈಡ್ರಾಕ್ಸೈಡಿನ ಚಾರ್ಜೂ ಗಾತ್ರವೂ ಹೆಚ್ಚು ಕಡಿಮೆ ಫ್ಲೋರೈಡಿನಷ್ಟೇ. ಹಾಗಾಗಿ ಅದರ ಜಾಗದಲ್ಲಿ ಫ್ಲೋರೈಡ್ ಸಲೀಸಾಗಿ ಕೂರುತ್ತದೆ. ಸ್ವಲ್ಪ ಕೂತರೆ ಒಳ್ಳೆಯದೇ, ಹರಳು ಹುಳಿಗೆ ಬೇಗ ಕರಗೋದಿಲ್ಲ. ಆದರೆ ಹಲ್ಲು ವಸಡಿನೊಳಗೆ ಬೆಳೆಯುವ ವಯಸ್ಸಿನಲ್ಲಿ ಜಾಸ್ತಿ ಹೋದರೆ ಎನಾಮೆಲ್ ಪೂರ್ತಿ ಗಟ್ಟಿಯಾಗದೆ ಸಣ್ಣ ಸಣ್ಣ ರಂಧ್ರ ಉಳಿಯುತ್ತವೆ. ಆ ಕಲೆ ಬ್ರಷ್ ಉಜ್ಜಿದರೆ ಹೋಗೋದಿಲ್ಲ.

ಆ ನೀರನ್ನು ಅವರ ಎದುರಿಗೇ ಪರೀಕ್ಷಿಸಿದೆ. ನಮ್ಮ ದ್ರಾವಣದಲ್ಲಿ ಜಿರ್ಕೋನಿಯಂ ಎಂಬ ಲೋಹ ಒಂದು ಬಣ್ಣದ ಅಣುವನ್ನು ಹಿಡಿದು ಕೆಂಪಗಿರುತ್ತದೆ. ಫ್ಲೋರೈಡ್ ಬಂದರೆ ಜಿರ್ಕೋನಿಯಂ ಬಣ್ಣವನ್ನು ಬಿಟ್ಟು ಅದರ ಕಡೆ ಹೋಗುತ್ತದೆ, ಯಾಕೆಂದರೆ ಆ ಬಂಧ ಇನ್ನೂ ಗಟ್ಟಿ. ಹುಡುಗ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಕೆಂಪು ಮಸುಕಾಗುತ್ತಾ ಹೋಯಿತು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಇವರದು ಅದನ್ನೂ ಮೀರಿತ್ತು.

ಬಟ್ಟೆ ಕಟ್ಟಿ ಸೋಸಿದರೂ ಕ್ಯಾಂಡಲ್ ಫಿಲ್ಟರಿಗೆ ಹಾಕಿದರೂ ಪ್ರಯೋಜನವಿಲ್ಲ. ಆರ್‌ಓ ತೆಗೆಯುತ್ತದೆ. ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ತುಂಬಿದ ಫಿಲ್ಟರೂ ತೆಗೆಯುತ್ತದೆ, ಅದರಲ್ಲಿರುವ ಅಲ್ಯುಮಿನಿಯಂ, ಫ್ಲೋರೈಡನ್ನು ಬಿಗಿಯಾಗಿ ಹಿಡಿಯುತ್ತದೆ. ನಲ್ಗೊಂಡ ವಿಧಾನದಲ್ಲಿ ಪಟಿಕ ಮತ್ತು ಸುಣ್ಣ ಬಳಸೋದೂ ಇದೇ ಹಿಡಿತದ ಮೇಲೆ. ಆದರೆ ಮನೆಯಲ್ಲಿ ಅಂದಾಜಿಗೆ ಪಟಿಕ ಹಾಕಬೇಡಿ, ಅಳತೆ ತಪ್ಪಿದರೆ ಅಲ್ಯುಮಿನಿಯಂ ನೀರಲ್ಲೇ ಉಳಿಯುತ್ತದೆ. ಚಾವಣಿಯಿಂದ ಶುದ್ಧವಾಗಿ ಹಿಡಿದ ಮಳೆನೀರು ಕಲ್ಲಿನ ಸಂಗ ಮಾಡಿಲ್ಲ, ಅದರಲ್ಲಿ ಈ ತೊಂದರೆ ಇಲ್ಲ.

ಅವರ ಊರಲ್ಲಿ ಶುದ್ಧ ನೀರಿನ ಘಟಕ ಇದೆ. ಇನ್ನು ಮುಂದೆ ಕುಡಿಯೋಕೆ ಅಲ್ಲಿಂದ ಕ್ಯಾನ್ ತರ್ತೀವಿ ಎಂದರು. ರೊಟ್ಟಿ ಹಿಟ್ಟಿನ ಎಸರಿಗೆ, ಬೇಳೆ ಬೇಯಿಸೋಕೆ ಯಾವ ನೀರು ಎಂದು ಕೇಳಿದೆ. ಬೋರಿಂದು ಎಂದರು. ಅದಕ್ಕೂ ಕ್ಯಾನಿನ ನೀರೇ ಹಾಕಿ ಎಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ.