ಮೇಡಂ, ನನಗೆ 58 ಪರ್ಸೆಂಟ್, ನಾನು ಮೆಂಟರ್ ಆಗಬಹುದಾ?

ಪ್ರಶ್ನೆ: ನಾನು ಡೊಂಬಿವಲಿಯಲ್ಲಿ ಎಸ್‌ವೈ (ಎರಡನೇ ವರ್ಷದ) ಬಿಕಾಂ ಓದುತ್ತಿದ್ದೇನೆ. ಎಫ್‌ವೈ (ಮೊದಲ ವರ್ಷದ) ಮಕ್ಕಳಿಗೆ ಪಾಠದಲ್ಲಿ ನೆರವಾಗಲು ನಮ್ಮ ಕಾಲೇಜಿನಲ್ಲಿ ಸೀನಿಯರ್‌ಗಳನ್ನು ಮೆಂಟರ್ ಮಾಡುತ್ತಾರೆ. ನನಗೆ ಬಂದಿರುವುದು 58 ಪರ್ಸೆಂಟ್. ಅಕೌಂಟ್ಸ್‌ನಲ್ಲಿ ಒಮ್ಮೆ ಫೇಲಾಗಿ ಕೆಟಿ ಬಿದ್ದು, ಆಮೇಲೆ ಕ್ಲಿಯರ್ ಮಾಡಿದೆ. ನಾನು ಹೆಸರು ಕೊಡಬಹುದಾ, ಅಥವಾ ಟಾಪರ್‌ಗಳಿಗೆ ಮಾತ್ರವಾ?

ಕೊಡಬಹುದು. ನಾಳೆಯೇ ಕೊಡಿ.

ಹೊಸ ವರ್ಷದ ಅಡ್ಮಿಷನ್ ಶುರುವಾಯಿತೆಂದರೆ ಈ ಪ್ರಶ್ನೆಯೂ ಶುರು. ಪರ್ಸೆಂಟ್ ಮಾತ್ರ ಬೇರೆ ಬೇರೆ, ಹಿಂದಿರುವ ಅಳುಕು ಒಂದೇ. ಎಷ್ಟು ಸಲ ಹೇಳಿದರೂ ಈ ಅಳುಕು ಹೋಗುತ್ತಿಲ್ಲ. ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ.

ಹೆಸರು ಕೊಡುವ ದಾರಿ ಸುಲಭ. ಕ್ಲಾಸ್ ಟೀಚರನ್ನೋ ವಿಭಾಗದ ಮುಖ್ಯಸ್ಥರನ್ನೋ ನೋಡಿ, ಯಾವ ವಿಷಯ ಹೇಳಿಕೊಡಬಲ್ಲಿರಿ, ವಾರದಲ್ಲಿ ಎಷ್ಟು ಹೊತ್ತು ಕೂರಬಲ್ಲಿರಿ ಎಂದು ಹೇಳಿ. ಕಾಲೇಜಿನಲ್ಲಿ ಅಂಥ ವ್ಯವಸ್ಥೆಯೇ ಇಲ್ಲದಿದ್ದರೆ, ಲೆಕ್ಚರ್ ಮುಗಿದ ಮೇಲೆ ಖಾಲಿ ಬೀಳುವ ಒಂದು ಕ್ಲಾಸ್‌ರೂಮ್ ಕೇಳಿ. ಇನ್ನೊಂದು ವಿಷಯ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಕಾಲೇಜು ತೋರಿಸುವ ಮೆಂಟರ್ ಪಟ್ಟಿ ಅಧ್ಯಾಪಕರದ್ದು. ಅದರಲ್ಲಿ ನಿಮ್ಮ ಹೆಸರು ಇಲ್ಲವೆಂದು ಬೇಸರ ಬೇಡ.

ಈಗ ಟಾಪರ್ ವಿಷಯಕ್ಕೆ ಬರೋಣ. ಜಾಸ್ತಿ ಮಾರ್ಕ್ಸ್ ಬಂದವರು ಚೆನ್ನಾಗಿ ಹೇಳಿಕೊಡುತ್ತಾರೆ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಬೇರೂರಿದೆ. ಪಕ್ಕದ ಬಿಲ್ಡಿಂಗಿನ ಹುಡುಗಿಗೆ 94 ಬಂತು, ಅವಳ ಹತ್ತಿರ ಕೂತು ಕಲಿ ಅನ್ನುತ್ತಾರೆ. ಅವಳು ಚೆನ್ನಾಗಿಯೇ ಹೇಳಿಕೊಡಬಹುದು. ಆದರೆ ಆ 94ರಿಂದ ನಮಗೆ ಗೊತ್ತಾಗುವುದು ಅವಳು ಪೇಪರ್ ಚೆನ್ನಾಗಿ ಬರೆದಳು ಎಂದಷ್ಟೇ. ಇನ್ನೊಬ್ಬರು ಎಲ್ಲಿ ಎಡವುತ್ತಾರೆ ಎಂದು ಅವಳಿಗೆ ಕಾಣುತ್ತದೆಯೇ ಎಂಬುದು ಅದರಿಂದ ಗೊತ್ತಾಗುವುದಿಲ್ಲ.

ಮುಂಬೈಯ ದಾದರ್ ಸ್ಟೇಷನ್ನಿನಲ್ಲಿ ಸೆಂಟ್ರಲ್ ಲೈನ್‌ನಿಂದ ವೆಸ್ಟರ್ನ್ ಲೈನ್‌ಗೆ ದಿನಾ ಟ್ರೇನ್ ಬದಲಿಸುವವರನ್ನು ದಾರಿ ಕೇಳಿ ನೋಡಿ. "ಬ್ರಿಜ್ ಹತ್ತಿ ಆಚೆ ಇಳಿ" ಅನ್ನುತ್ತಾರೆ. ಅಲ್ಲಿ ಒಂದಕ್ಕಿಂತ ಜಾಸ್ತಿ ಬ್ರಿಜ್ ಇವೆ ಎಂಬುದು ಅವರಿಗೆ ಮರೆತೇ ಹೋಗಿರುತ್ತದೆ. ಹೋದ ವರ್ಷ ಅಲ್ಲಿ ದಾರಿ ತಪ್ಪಿದವರನ್ನು ಕೇಳಿ, ಯಾವ ಮೆಟ್ಟಿಲು ಹತ್ತಬಾರದು ಎಂಬುದನ್ನೂ ಹೇಳುತ್ತಾರೆ.

ಅಕೌಂಟ್ಸ್‌ನಲ್ಲೇ ನೋಡೋಣ. ಫೈನಲ್ ಅಕೌಂಟ್ಸ್‌ನ ಒಂದು ಲೆಕ್ಕ. ಟ್ರಯಲ್ ಬ್ಯಾಲೆನ್ಸ್‌ನಲ್ಲಿ ವೇಜಸ್ 60,000. ಕೆಳಗೆ ಅಡ್ಜಸ್ಟ್‌ಮೆಂಟ್‌ನಲ್ಲಿ ಔಟ್‌ಸ್ಟ್ಯಾಂಡಿಂಗ್ ವೇಜಸ್ (ಬಾಕಿ ಪಗಾರ) 5,000. ಹುಡುಗ ಟ್ರೇಡಿಂಗ್ ಅಕೌಂಟಿನಲ್ಲಿ 65,000 ಬರೆದು ಮುಂದೆ ಹೋಗುತ್ತಾನೆ. ಕೊನೆಗೆ ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗುವುದಿಲ್ಲ, ಲಯಬಿಲಿಟಿ ಕಡೆ 5,000 ಕಡಿಮೆ. ಟಾಪರ್ ಒಮ್ಮೆ ನೋಡಿ, "ಡಬಲ್ ಎಫೆಕ್ಟ್ ಕೊಡಲಿಲ್ಲ ನೀನು, ಎರಡನೇ ಕಡೆ ಬರೆದೇ ಇಲ್ಲ" ಅಂದು ತಾನೇ ಪೆನ್ ತೆಗೆದುಕೊಂಡು ಬರೆದುಬಿಡುತ್ತಾನೆ. ಅವನು ಹೇಳಿದ್ದು ಸರಿ. ಲೆಕ್ಕವೂ ಸರಿಹೋಯಿತು. ಆದರೆ ಹುಡುಗನಿಗೆ ಏನೂ ತಿಳಿಯಲಿಲ್ಲ.

ಅದೇ ಪೇಪರಿನಲ್ಲಿ ಕೆಟಿ ಬಿದ್ದು ಎದ್ದವರು ಕೂತರೆ ಮಾತು ಹೀಗೆ ಸಾಗುತ್ತದೆ:

"ಈ 5,000 ಕೆಲಸದವರ ಕೈ ಸೇರಿದೆಯಾ?"

"ಇಲ್ಲ, ಪಗಾರ ಬಾಕಿ ಇದೆ."

"ಕೆಲಸ ಮಾಡಿಸಿಕೊಂಡಾಗಿದೆಯಾ?"

"ಹೂಂ."

"ಹಾಗಾದರೆ ಖರ್ಚು ಈ ವರ್ಷದ್ದೇ. ದುಡ್ಡು ಇನ್ನೂ ಕೊಟ್ಟಿಲ್ಲ ಅಂದರೆ?"

"ಸಾಲ... ಅದು ಲಯಬಿಲಿಟಿ!"

ಅಪ್ಪ ಹೋಟೆಲಿನಲ್ಲಿ ದುಡಿಯುವ ಮನೆಯ ಹುಡುಗನಿಗೆ ಪಗಾರ ಬಾಕಿ ಅಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ಒಳಗೆ ಇದ್ದ ತಿಳಿವಳಿಕೆಯನ್ನು ಮೂರು ಪ್ರಶ್ನೆ ಹೊರಗೆ ತಂದವು. ಅದೇ ಔಟ್‌ಸ್ಟ್ಯಾಂಡಿಂಗ್ ವೇಜಸ್ ಟ್ರಯಲ್ ಬ್ಯಾಲೆನ್ಸಿನ ಒಳಗೇ ಕೊಟ್ಟಿದ್ದರೆ ಬ್ಯಾಲೆನ್ಸ್ ಶೀಟಿನಲ್ಲಿ ಮಾತ್ರ ಬರೆಯಬೇಕು. ಇದನ್ನೂ ಮುಂದೆ ಅವನೇ ಕಂಡುಕೊಳ್ಳುತ್ತಾನೆ. ಇಂಥದ್ದು ನಡೆದಾಗ ಪಕ್ಕದ ಬೆಂಚಿನಲ್ಲಿ ಕೂತಿರುವ ನನಗೆ ಆಗುವ ಖುಷಿ ಅಷ್ಟಿಷ್ಟಲ್ಲ.

ಜೊತೆಯವರಿಂದ ಕಲಿಯುವುದು ಹೊಸ ಫ್ಯಾಷನ್ ಎಂದುಕೊಂಡವರೂ ಇದ್ದಾರೆ. ನಮ್ಮ ಹಳ್ಳಿಶಾಲೆಗಳಲ್ಲಿ ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುವುದು ಎಂದಿನಿಂದಲೂ ಇತ್ತು. ಮದ್ರಾಸಿನ ಎಗ್ಮೋರ್‌ನಲ್ಲಿ ಅನಾಥ ಹುಡುಗರ ಶಾಲೆ ನಡೆಸುತ್ತಿದ್ದ ಆಂಡ್ರ್ಯೂ ಬೆಲ್, ಊರಿನ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ನೋಡಿ ಅದನ್ನು ತನ್ನ ಶಾಲೆಗೂ ತಂದ. ಅಲ್ಲಿನ ಮೇಷ್ಟರು ಆಗದು ಅಂದರು. ಬೆಲ್ ಆ ಕೆಲಸವನ್ನು ಎಂಟು ವರ್ಷದ ಒಬ್ಬ ಹುಡುಗನಿಗೆ ವಹಿಸಿದ, ಅವನು ಮಾಡಿ ತೋರಿಸಿದ. 1797ರಲ್ಲಿ ಬೆಲ್ ಇದರ ವರದಿ ಅಚ್ಚು ಹಾಕಿಸಿದ ಮೇಲೆ ಇಂಗ್ಲೆಂಡಿನಲ್ಲಿ ಮಕ್ಕಳೇ ಮಕ್ಕಳಿಗೆ ಕಲಿಸುವ ಈ ರೀತಿಗೆ ಮದ್ರಾಸ್ ಪದ್ಧತಿ ಎಂದೇ ಹೆಸರಾಯಿತು. ಈಗ ನಮ್ಮ ಪೊವಾಯಿಯ ಐಐಟಿಯಲ್ಲೂ ಹೊಸಬರಿಗೆ ಸೀನಿಯರ್ ಮೆಂಟರ್‌ಗಳಿದ್ದಾರೆ, ಪಾಠದಲ್ಲಿ ಹಿಂದೆ ಬಿದ್ದವರಿಗೆ ಅವರವರ ವಿಭಾಗದಲ್ಲೇ ಬೇರೆ ಮೆಂಟರ್‌ಗಳಿದ್ದಾರೆ.

ಹಾಗಂತ ವಿಷಯ ಗೊತ್ತಿಲ್ಲದಿದ್ದರೂ ನಡೆಯುತ್ತದೆ ಅಂತಲ್ಲ. 1973ರಲ್ಲಿ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ಕ್ಯಾಂಪಸ್ಸಿನಲ್ಲಿ ಡಿಯಾನಾ ಮಾರ್ಟಿನ್ ಶುರು ಮಾಡಿದ ಪದ್ಧತಿಯಲ್ಲಿ, ಮೆಂಟರ್ ಆಗುವವರು ಆ ಒಂದು ವಿಷಯದಲ್ಲಿ ಗಟ್ಟಿಯಾಗಿರಲೇಬೇಕು. ಜೂನಿಯರ್‌ಗಳ ಜೊತೆ ಆ ಲೆಕ್ಚರುಗಳಿಗೆ ಮತ್ತೆ ಹೋಗಿ ಕೂರುತ್ತಾರೆ. ಆದರೆ ಮತ್ತೆ ಪಾಠ ಮಾಡುವುದಿಲ್ಲ, ಮಕ್ಕಳಿಂದಲೇ ಬಿಡಿಸುತ್ತಾರೆ. ಅದರಲ್ಲಿ ನನಗೆ ತುಂಬ ಹಿಡಿಸಿದ ಮಾತೊಂದಿದೆ. ಅವರು ದಡ್ಡ ಮಕ್ಕಳು ಯಾರು ಎಂದು ಹುಡುಕಲಿಲ್ಲ, ಜಾಸ್ತಿ ಮಂದಿ ಫೇಲಾಗುವ ವಿಷಯ ಯಾವುದು ಎಂದು ಹುಡುಕಿದರು. ಕ್ಲಾಸಿಗೆ ಕ್ಲಾಸೇ ಬರಬಹುದು ಅಂದಾಗ ಯಾರಿಗೂ ನಾಚಿಕೆ ಇಲ್ಲ. ನಿಮ್ಮ ಕಾಲೇಜಿನ ನೋಟಿಸಿನಲ್ಲಿ "ವೀಕ್ ಸ್ಟೂಡೆಂಟ್ಸ್‌ಗೆ" ಅಂತ ಬರೆದಿದ್ದರೆ ದಯವಿಟ್ಟು ಅದನ್ನು ತೆಗೆಸಿ. ಆ ಎರಡು ಪದ ನೋಡಿದರೆ ಬರಬೇಕಾದವರೇ ಬರುವುದಿಲ್ಲ.

ನಿಮ್ಮನ್ನು ನೀವು ಪರೀಕ್ಷಿಸಿಕೊಳ್ಳುವುದು ಹೇಗೆ? ಹಳೆಯ ಪ್ರಶ್ನೆಪತ್ರಿಕೆಯ ಒಂದು ಲೆಕ್ಕ ತೆಗೆದುಕೊಂಡು ಪುಸ್ತಕ ಮುಚ್ಚಿ, ಪ್ರತಿ ಹೆಜ್ಜೆಗೂ ಏಕೆ ಎಂದು ಗಟ್ಟಿಯಾಗಿ ಹೇಳಿ. ತಡವರಿಸದೆ ಹೇಳಿದರೆ ಆಯಿತು. ಒಟ್ಟು ಪರ್ಸೆಂಟ್ ಅಲ್ಲೇ ಬಿಡಿ.

ಅಸೈನ್‌ಮೆಂಟ್ ಬರೆದುಕೊಡಬೇಡಿ, ಜರ್ನಲ್ ಕಾಪಿಗೆ ಕೊಡಬೇಡಿ. ನಿಮ್ಮ ಪರೀಕ್ಷೆ ಹತ್ತಿರ ಬಂದಾಗ ಮೊದಲೇ ಹೇಳಿ ರಜೆ ತೆಗೆದುಕೊಳ್ಳಿ. ಇಷ್ಟು ಸಾಕು.

ನೀವು ಕೇಳಲಿಲ್ಲ, ಆದರೂ ಭಾಷೆಯ ಬಗ್ಗೆ ಹೇಳಲೇಬೇಕು. ಮಹಾನಗರ ಪಾಲಿಕೆಯ ಕನ್ನಡ ಶಾಲೆಯಲ್ಲೋ ರಾತ್ರಿ ಶಾಲೆಯಲ್ಲೋ ಓದಿ ಇಂಗ್ಲಿಷ್ ಮೀಡಿಯಂ ಕಾಲೇಜಿಗೆ ಬಂದ ಮಕ್ಕಳು ಈಗಲೂ ಇದ್ದಾರೆ. ಲೆಕ್ಚರಿನಲ್ಲಿ ಬಾಯಿ ಬಿಡುವುದಿಲ್ಲ. ದಡ್ಡರು ಎಂದುಕೊಳ್ಳುತ್ತೇವೆ. ಅವರನ್ನು ಕನ್ನಡದಲ್ಲೋ ತುಳುವಿನಲ್ಲೋ ಕೇಳಿ ನೋಡಿ, ಅರ್ಧ ಗಂಟೆ ಮಾತಾಡುತ್ತಾರೆ. ಹೇಳಿಕೊಡುವಾಗ ಮನೆಮಾತು ಬಳಸಿ, ಅದರಲ್ಲಿ ಸಂಕೋಚ ಬೇಡ. ಆದರೆ ಪೇಪರ್ ಬರೆಯಬೇಕಾದದ್ದು ಇಂಗ್ಲಿಷಿನಲ್ಲಿ, ಅಲ್ವಾ? ಅದಕ್ಕೆ ಏಳುವ ಮೊದಲು ಕೊನೆಯ ಹತ್ತು ನಿಮಿಷ ಅವರ ಕೈಯಿಂದಲೇ ಎರಡು ಮೂರು ವಾಕ್ಯ ಇಂಗ್ಲಿಷಿನಲ್ಲಿ ಬರೆಸಿ. ತಪ್ಪಿದ್ದರೆ ಪಕ್ಕದಲ್ಲಿ ತಿದ್ದಿ ಬರೆಯಿರಿ, ಕೆಂಪು ಪೆನ್ ಬೇಡ. ಗುಂಪಿನಲ್ಲಿ ಮರಾಠಿ, ಗುಜರಾತಿ ಮಕ್ಕಳಿದ್ದರೆ ಎಲ್ಲರ ಮುಂದೆ ಹಿಂದಿಯಲ್ಲೇ ಮಾತಾಡಿ. ಕನ್ನಡದ ಹುಡುಗನಿಗೆ ಆಮೇಲೆ ಐದು ನಿಮಿಷ ಬೇರೆಯಾಗಿ ಕೊಡಿ. ಸ್ಟೇಷನ್‌ವರೆಗೆ ಜೊತೆಗೆ ನಡೆಯುವಾಗ ಕೊಟ್ಟರೂ ಆದೀತು.