ನೋವು ತಗ್ಗಬೇಕು, ಕಾಲ್ಬೆರಳು ಆಡುತ್ತಿರಬೇಕು

ಬೆನ್ನುಮೂಳೆಗೆ ಸ್ಕ್ರೂ, ರಾಡ್ ಹಾಕಿಸಿಕೊಂಡ ರೋಗಿಗೆ ಎಚ್ಚರವಾದ ಕೂಡಲೇ, ಅರಿವಳಿಕೆ ವೈದ್ಯೆಯಾದ ನಾನು ಮೊದಲು ಹೇಳುವುದು, 'ಎರಡೂ ಕಾಲಿನ ಹೆಬ್ಬೆರಳು ಮೇಲೆತ್ತಿ' ಎಂದು. ಒಳಗೆ ರಕ್ತ ಹೆಪ್ಪುಗಟ್ಟಿ ನರವನ್ನು ಒತ್ತುತ್ತಿದ್ದರೆ ಅದರ ಸುಳಿವು ಕಾಲಿನಲ್ಲಿ ಸಿಗುವುದರಿಂದ, ನೋವು ತಗ್ಗಿಸುವ ವಿಧಾನ ಆ ಸುಳಿವನ್ನು ಮರೆಮಾಡಬಾರದು. ಬೆನ್ನುಹುರಿಯ ಹೊದಿಕೆಯ ಹೊರಗೆ ಔಷಧ ಹರಿಸುವ ಎಪಿಡ್ಯೂರಲ್ ಕೊಳವೆಯಿಂದ ನೋವು ಚೆನ್ನಾಗಿ ತಗ್ಗುತ್ತದೆ, ನಿಜ. ಆದರೆ ಕಾಲು ಮರಗಟ್ಟಿದಾಗ ಅದು ಔಷಧದಿಂದಲೋ ನರಕ್ಕಾದ ಪೆಟ್ಟಿನಿಂದಲೋ ಎಂದು ಹೇಳುವುದು ಕಷ್ಟ.

2016ರಲ್ಲಿ ಮೊದಲು ವರದಿಯಾದ ಇರೆಕ್ಟರ್ ಸ್ಪೈನೆ ಪ್ಲೇನ್ ಬ್ಲಾಕ್ (ಬೆನ್ನಿನ ಸ್ನಾಯುವಿನಡಿ ಮರಗಟ್ಟಿಸುವ ಔಷಧ ಚುಚ್ಚಿ ನೋವಿನ ನರವನ್ನು ತಡೆಯುವ ವಿಧಾನ) ಈ ಇಕ್ಕಟ್ಟನ್ನು ಬಹುಮಟ್ಟಿಗೆ ಸಡಿಲಿಸಿದೆ. ಬೆನ್ನುಹುರಿಯಿಂದ ಹೊರಬಂದ ನರ ಎರಡಾಗಿ ಕವಲೊಡೆಯುತ್ತದೆ. ಸೊಂಟದ ಮಟ್ಟದಲ್ಲಿ ಮುಂದಿನ ಕವಲು ಕಾಲಿಗೂ ಹಿಂದಿನದು ಬೆನ್ನಿನ ಸ್ನಾಯು, ಕೀಲು, ಚರ್ಮಗಳಿಗೂ ಹೋಗುತ್ತದೆ. ನಾವು ತಡೆಯಬೇಕಾದದ್ದು ಹಿಂದಿನದನ್ನು ಮಾತ್ರ. ಪೂರ್ಣ ಅರಿವಳಿಕೆ ಕೊಟ್ಟು ರೋಗಿಯನ್ನು ಬೋರಲು ಮಲಗಿಸಿದ ಮೇಲೆ, ಶಸ್ತ್ರವೈದ್ಯರು ಕೊಯ್ಯುವುದಕ್ಕೆ ಮೊದಲೇ, ಅಲ್ಟ್ರಾಸೌಂಡ್ ಪ್ರೋಬನ್ನು ಬೆನ್ನಿನ ನಡುಗೆರೆಯಿಂದ 3-4 ಸೆಂ.ಮೀ. ಪಕ್ಕಕ್ಕೆ ಇಟ್ಟರೆ, ಮೂಳೆಯ ಅಡ್ಡ ಚಾಚು ಬಿಳಿ ಗೆರೆಯಾಗಿಯೂ ಅದರಡಿ ಕಪ್ಪು ನೆರಳಾಗಿಯೂ ಕಾಣುತ್ತದೆ. ಸೂಜಿಯ ತುದಿ ಆ ಮೂಳೆಗೆ ತಾಗಿದಾಗ ಒಂದೆರಡು ಮಿ.ಲೀ. ಸಲೈನ್ ಬಿಡುತ್ತೇನೆ. ಸ್ನಾಯು ಮೂಳೆಯಿಂದ ಮೇಲೆದ್ದು ನಡುವೆ ಕಪ್ಪು ಪಟ್ಟಿ ಹರಡಿದರೆ ಜಾಗ ಸರಿಯಾಗಿದೆ. ಸ್ನಾಯುವೇ ಉಬ್ಬಿದರೆ ಸೂಜಿ ಇನ್ನೂ ಮೇಲಿದೆ ಎಂದರ್ಥ.

ಆಮೇಲೆ ಒಂದೊಂದು ಬದಿಗೂ ಸುಮಾರು 20 ಮಿ.ಲೀ. ರೋಪಿವಕೇನ್ ಎಂಬ ಮರಗಟ್ಟಿಸುವ ಔಷಧದ ತೆಳು ದ್ರಾವಣ. ದೇಹತೂಕದ ಪ್ರತಿ ಕಿಲೋಗೆ 3 ಮಿ.ಗ್ರಾಂ. ಎಂಬುದು ನಾವು ಪಾಲಿಸುವ ಮಿತಿ. 50 ಕಿಲೋ ತೂಗುವವರಿಗೆ ಎರಡೂ ಬದಿ ಸೇರಿ 150 ಮಿ.ಗ್ರಾಂ. ದಾಟುವಂತಿಲ್ಲ. ಶಸ್ತ್ರವೈದ್ಯರು ಗಾಯದ ಅಂಚಿಗೆ ಚುಚ್ಚುವ ಔಷಧವನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು. ಮಿತಿ ಮೀರಿದರೆ ಫಿಟ್ಸ್ ಬರಬಹುದು, ಹೃದಯದ ಬಡಿತ ಹದಗೆಡಬಹುದು. ಅದಕ್ಕೇ ಆ ವಿಷಪ್ರಭಾವ ತಗ್ಗಿಸುವ 20% ಲಿಪಿಡ್ ಎಮಲ್ಷನ್ (ರಕ್ತನಾಳಕ್ಕೆ ಕೊಡುವ ಕೊಬ್ಬಿನ ದ್ರಾವಣ) ಕೈಗೆ ಸಿಗುವಲ್ಲೇ ಇರಬೇಕೆಂದು ನಾನು ಪಟ್ಟುಹಿಡಿಯುತ್ತೇನೆ.

ಬ್ಲಾಕ್ ಒಂದರಿಂದಲೇ ಎಲ್ಲವೂ ಆಗದು. ಮಾರ್ಫಿನ್ ಜಾತಿಯ ಔಷಧಗಳ ಅಗತ್ಯ ಕಡಿಮೆಯಾಗಿ, ಅವುಗಳಿಂದಾಗುವ ವಾಂತಿ, ಮಲಬದ್ಧತೆಗಳೂ ತಗ್ಗುತ್ತವೆ; ಆದರೆ ಒಂದೇ ಸಲ ಕೊಟ್ಟ ಔಷಧದ ಪ್ರಭಾವ ಹಲವರಲ್ಲಿ ಆ ರಾತ್ರಿಯೇ ಇಳಿಯತೊಡಗುತ್ತದೆ. ಆದ್ದರಿಂದ ಪ್ಯಾರಾಸಿಟಮಾಲನ್ನು ನೋವು ಬಂದ ಮೇಲಲ್ಲ, ಹೊತ್ತುಹೊತ್ತಿಗೆ ಕೊಡಬೇಕು. 'ತಡ್ಕೋತೀನಿ ಬಿಡಿ ಡಾಕ್ಟ್ರೇ' ಎನ್ನುವ ಹಿರಿಯರಿಗೆ ನಾನು ಹೇಳುವುದಿಷ್ಟೆ: ನೋವು ತಡೆದುಕೊಂಡು ಬಿಗಿಯಾಗಿ ಮಲಗಿದರೆ ಆಳವಾಗಿ ಉಸಿರೆಳೆಯಲಾಗದು, ಮರುದಿನ ಎದ್ದು ಕೂರಲೂ ಆಗದು.

ಅಪರೂಪಕ್ಕೆ ಔಷಧ ಮುಂದಿನ ಕವಲಿಗೂ ಹರಿದು ಕಾಲು ಸ್ವಲ್ಪ ಸೋಲಬಹುದು. ಹಾಗೆಂದು ರಾತ್ರಿ ಹೊಸದಾಗಿ ಕಾಲು ಸೋತರೆ, ಮೂತ್ರ ಕಟ್ಟಿದರೆ, 'ಇಂಜೆಕ್ಷನ್ನಿನದಿರಬೇಕು' ಎಂದು ಬೆಳಗಿನವರೆಗೆ ಕಾಯದೆ, ಆ ಗಳಿಗೆಯಲ್ಲೇ ನರ್ಸನ್ನು ಕರೆಯಿರಿ.